ಕೆಪ್ಪಟರಾಯ ಬಂದ ವರ್ಷ

ವಿಜಯವಾಡದ ಮನೆಯಲ್ಲಿ ಶಬ್ದಗಳಿಗೆ ದಿಕ್ಕುಗಳಿದ್ದವು. ಬೆಂಜ್ ಸರ್ಕಲ್ಲಿನ ಬಸ್ಸು ಲಾರಿಗಳ ಹಾರನ್ ಮುಂದಿನ ಕೋಣೆಯ ಕಿಟಕಿಯಿಂದ ಬರುತ್ತಿತ್ತು. ಕೆಳಗಿನ ಮನೆಯ ಗ್ರೈಂಡರಿನ ಸದ್ದು ನೆಲದೊಳಗಿಂದ ಎದ್ದು ಅಂಗಾಲಿಗೆ ತಾಗುತ್ತಿತ್ತು. ಹಿಂದಿನ ಸಂದಿಯಲ್ಲಿ ಮಕ್ಕಳು ಸೇರಿದರೆ ಅಡುಗೆಮನೆಯ ಜಾಲರಿಯಿಂದ ಗೊತ್ತಾಗುತ್ತಿತ್ತು. ಆಡಲು ಹೋಗಬೇಕೋ ಬೇಡವೋ ಎಂದು ನಾನು ಅಲ್ಲೇ ನಿಂತು ಕಿವಿಯಿಂದಲೇ ತೀರ್ಮಾನಿಸುತ್ತಿದ್ದೆ. ಮೊದಲ ಮಹಡಿಯ ಆ ಬಾಡಿಗೆ ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ, ಮೇಲೊಂದು ತಾರಸಿ. ಮೋಡವಿಲ್ಲದ ದಿನ ತಾರಸಿಯಿಂದ ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಕಾಣುತ್ತದೆ ಎಂದು ಅಮ್ಮ ಆ ಕಡೆ ಕೈಮುಗಿಯುತ್ತಿದ್ದಳು. ಅದು ಬೇರೆ ಯಾವುದೋ ಗುಡ್ಡ ಎಂದು ಅಪ್ಪ ನಗುತ್ತಿದ್ದರು. ಐದು ವರ್ಷ ಅಲ್ಲಿದ್ದರೂ ಆ ತಕರಾರು ಬಗೆಹರಿಯಲಿಲ್ಲ. ಅಪ್ಪ ಬ್ಯಾಂಕಿನಲ್ಲಿ ಆಫೀಸರು, ಮಂಡ್ಯದ ಕಡೆಯವರು. ನನಗೆ ಮೂರು ತುಂಬಿದಾಗ ಅವರಿಗೆ ವಿಜಯವಾಡಕ್ಕೆ ವರ್ಗವಾಗಿತ್ತು. ಹಾಗಾಗಿ ಕನ್ನಡ ನನಗೆ ಮನೆಯೊಳಗೆ ಬಂತು, ತೆಲುಗು ಬೀದಿಯಲ್ಲಿ ಬಂತು. ಎರಡನ್ನೂ ಬೇರ್ಪಡಿಸಿ ನೋಡುವ ಪ್ರಮೇಯವೇ ಬರಲಿಲ್ಲ. ಅಮ್ಮನಿಗೆ ಮಾತ್ರ ತೆಲುಗು ಕೊನೆಯವರೆಗೂ ಪರರ ಮನೆಯ ಪಾತ್ರೆಯಂತೆಯೇ ಇತ್ತು. ಎತ್ತುವಾಗಲೂ ಭಯ, ಇಳಿಸುವಾಗಲೂ ಭಯ.

ಸಂಕ್ರಾಂತಿಯ ದಿನ ಅಮ್ಮ ನನ್ನನ್ನು ಎಳ್ಳು ಬೀರಲು ಕಳಿಸುತ್ತಿದ್ದಳು. ಆ ಬೀದಿಯಲ್ಲಿ ಅಂಥ ಪದ್ಧತಿ ಯಾರಿಗೂ ಇರಲಿಲ್ಲ. ಅವರದು ಭೋಗಿಯ ಬೆಂಕಿ, ಬಾಗಿಲ ತುಂಬ ರಂಗೋಲಿ, ಅದರ ನಡುವೆ ಹೂ ಮುಡಿಸಿದ ಸಗಣಿಯ ಉಂಡೆಗಳು. ಆ ರಂಗೋಲಿಗಳನ್ನು ತುಳಿಯದಂತೆ ನಾನು ತಟ್ಟೆ ಹಿಡಿದು ಮನೆಯಿಂದ ಮನೆಗೆ ಹೋಗಿ ಎಳ್ಳುಬೆಲ್ಲ ಕೊಟ್ಟು ಬರುತ್ತಿದ್ದೆ. ಮೂರನೆಯ ಕ್ಲಾಸಿನಲ್ಲಿದ್ದ ವರ್ಷ ಸಂದಿಯ ಕೊನೆಯ ಮನೆಗೆ ಹೋದಾಗ ನನ್ನ ಗೆಳತಿ ಲಲಿತ ಕೆನ್ನೆಗೆ ಟವೆಲು ಸುತ್ತಿ ತಲೆಯ ಮೇಲೆ ಗಂಟು ಹಾಕಿಕೊಂಡು ಮಲಗಿದ್ದಳು. ಮುಖ ಬೂದುಗುಂಬಳದಂತೆ ಅಗಲವಾಗಿತ್ತು. ನಾನು ಪಕ್ಕದಲ್ಲಿ ಕೂತು ಅವಳ ಕೈಗೆ ಎಳ್ಳು ಹಾಕಿದೆ. ಅಗಿಯಲಾರದೆ ಅವಳು ಅದನ್ನೇ ನನ್ನ ಬಾಯಿಗೆ ಹಾಕಿದಳು. ಅವಳಮ್ಮ ಒಳಗಿನಿಂದ, ಹತ್ತಿರ ಕೂರಬೇಡ, ಅವಳಿಗೆ ಗವದಬಿಳ್ಳಲು ಎಂದರು. ನನಗೆ ಕೇಳಿಸಿದ್ದು ಬಿಲ್ಲೆ ಎಂದು. ಗುಂಡಗಿನ ಯಾವುದೋ ಸಿಹಿ ಇರಬೇಕು, ನನಗೆ ಕೊಡದೆ ಕಳಿಸಿದರು ಎಂದು ಮುನಿಸಿಕೊಂಡು ಮನೆಗೆ ಬಂದೆ.

"ಲಲಿತಂಗೆ ಗವದಬಿಳ್ಳಲು ಅಂತೆ ಅಮ್ಮ. ನಂಗೊಂದೂ ಕೊಡ್ಲಿಲ್ಲ."

"ಹಂಗೆಲ್ಲ ಇನ್ನೊಬ್ಬರ ಮನೇಲಿ ಆಸೆಪಡಬಾರ್ದು" ಎಂದಳು ಅಮ್ಮ. ಅವಳಿಗೂ ಆ ಶಬ್ದ ಗೊತ್ತಿರಲಿಲ್ಲ.

ಅದಾಗಿ ಎರಡು ಮೂರು ವಾರಕ್ಕೆ ಅಪ್ಪನಿಗೆ ಬಡ್ತಿ ಬಂತು, ಜೊತೆಗೆ ವಿಶಾಖಪಟ್ಟಣಕ್ಕೆ ವರ್ಗ. ಅಟ್ಟದ ಮೇಲಿನ ಸಾಮಾನೆಲ್ಲ ನೆಲಕ್ಕಿಳಿದು, ಮನೆ ತುಂಬ ಗೋಣಿಚೀಲ, ಹಗ್ಗ, ಹಳೆಯ ಪೇಪರು. ಆ ಗದ್ದಲದ ನಡುವೆ ನನಗೆ ಜ್ವರ ಬಂತು. ಮರುದಿನ ಬೆಳಿಗ್ಗೆ ಎಡಗಿವಿಯ ಕೆಳಗೆ ಊದಿಕೊಂಡಿತ್ತು, ಸಂಜೆಗೆ ಬಲಕ್ಕೂ. ಅಮ್ಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಅಯ್ಯೋ, ಕೆಪ್ಪಟರಾಯ!" ಎಂದಳು. ನಮ್ಮ ಕಡೆ ಮಂಗನಬಾವಿಗೆ ಹಾಗೆನ್ನುತ್ತಾರೆ. ಕೆಪ್ಪಟೆ ಎಂದರೆ ಕೆನ್ನೆ, ಅಲ್ಲಿ ಬಂದು ಕೂರುವ ರಾಯ. ಸಾರಿನ ಹುಳಿ ನಾಲಿಗೆಗೆ ತಾಗಿದರೆ ಕಿವಿಯ ಬುಡದಲ್ಲಿ ಸೂಜಿ ಆಡಿಸಿದಂತಾಗುತ್ತಿತ್ತು. ನಿಂಬೆಹಣ್ಣು ನೋಡಿದರೂ ಸಾಕು, ಕಣ್ಣಲ್ಲಿ ನೀರು. ಅಮ್ಮ ಅರಿಶಿನದ ಪಟ್ಟು ಹಾಕಿ, ರಾಗಿ ಗಂಜಿಯನ್ನು ಚಮಚದಲ್ಲಿ ಕುಡಿಸುತ್ತಿದ್ದಳು. ಕಟ್ಟಿದ ಗಂಟುಗಳ ನಡುವೆ ಅಪ್ಪ ಅಮ್ಮನ ಜಗಳ ನಡೆಯಿತು. ಅದರ ಒಂದೊಂದು ಮಾತೂ ನನಗೆ ನೆನಪಿದೆ, ಏಕೆಂದರೆ ಮುಂದೆ ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಅದೇ ಮಾತುಗಳು ಬೇರೆ ಬೇರೆ ರೂಪದಲ್ಲಿ ತಿರುಗಾಡುತ್ತಿದ್ದವು.

"ಮಗೂನ ಹಿಂಗಿಟ್ಕೊಂಡು ರೈಲಲ್ಲಿ ಹೆಂಗ್ರೀ ಹೋಗೋದು? ಒಂದ್ವಾರ ತಡೀರಿ."

"ಸೋಮವಾರ ಜಾಯಿನ್ ಆಗ್ಬೇಕು ಪದ್ಮಾ. ನಾಳೆ ಸಾಮಾನು ಲಾರಿಗೆ ಹತ್ತುತ್ತೆ. ಖಾಲಿ ಮನೇಲಿ ನೀವಿಬ್ರೇ ಏನ್ ಮಾಡ್ತೀರಾ?"

"ನೆಲದ ಮೇಲೆ ಮಲಗ್ತೀವಿ."

"ಸುಮ್ನಿರು. ಎಲ್ಲ ಮಕ್ಕಳಿಗೂ ಬರೋದೇ ಇದು. ತಾನಾಗೇ ಹೋಗುತ್ತೆ."

ಹೋದೆವು. ರೈಲಿನಲ್ಲಿ ಅಮ್ಮ ತನ್ನ ಸೀರೆಯ ತುಂಡೊಂದನ್ನು ನನ್ನ ಮುಖಕ್ಕೆ ಸುತ್ತಿ ಕಿಟಕಿಯ ಕಡೆ ಕೂರಿಸಿದ್ದಳು. ಎಡಗಿವಿಯೊಳಗೆ ಕುಯ್ಯೆಂಬ ಒಂದು ಸಣ್ಣ ಸದ್ದು ಎಲ್ಲಿ ಶುರುವಾಯಿತೋ ತಿಳಿಯದು. ವಿಶಾಖಪಟ್ಟಣದಲ್ಲಿ ಇಳಿದ ಮೇಲೂ ಅದು ನಿಲ್ಲಲಿಲ್ಲ. ಎಂವಿಪಿ ಕಾಲೋನಿಯ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವಾಗ ಮೆಟ್ಟಿಲುಗಳು ಒಂದು ಪಕ್ಕಕ್ಕೆ ಜಾರಿದವು. ನಾನು ಗೋಡೆಗೆ ಒರಗಿದೆ. ರೈಲಿನ ಆಯಾಸ ಎಂದರು ಅಪ್ಪ. ಎರಡನೆಯ ಮಹಡಿಯಲ್ಲಿ ನಮ್ಮ ಎದುರುಮನೆಯ ಬಾಗಿಲು ತೆರೆದು ಸರೋಜಿನಿ ಎಂಬ ಹೆಂಗಸು ನೀರಿನ ಚೊಂಬು ಹಿಡಿದು ಬಂದರು. ಅವರ ಹಿಂದೆ ನನ್ನ ವಯಸ್ಸಿನ ಮಗ ಕಿರಣ್. ಅವರು ನನ್ನ ಮುಖದ ಬಟ್ಟೆಯನ್ನೇ ನೋಡಿದರು.

"ಏಟಂಡಿ, ಪಾಪಕಿ ಗವದಬಿಳ್ಳಲಾ?"

ಅಷ್ಟು ಹೊತ್ತಿಗೆ ಅದು ಕೆಪ್ಪಟರಾಯನ ಹೆಸರೇ ಎಂದು ಅಮ್ಮನಿಗೆ ವಿಜಯವಾಡದ ಡಾಕ್ಟರಿಂದ ತಿಳಿದಿತ್ತು. ಹೊಸ ಮನೆಯ ಹೊಸಿಲು ದಾಟುವ ಮುನ್ನವೇ ಅವಳು ತನ್ನ ಹರಕುಮುರುಕು ತೆಲುಗಿನಲ್ಲಿ ಹೇಳಿದಳು:

"ಕಾದಂಡಿ. ಪಂಟಿ ನೊಪ್ಪಿ."

ಅಲ್ಲ, ಹಲ್ಲುನೋವು ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ಭುಜ ಹಿಡಿದು ಒಳಗೆ ತಳ್ಳಿದಳು. ನನಗೇ ಅನುಮಾನವಾಯಿತು, ಇದು ಹಲ್ಲುನೋವೇ ಇರಬಹುದೇ ಎಂದು. ಮರುದಿನವೇ ಮುಖದ ಬಟ್ಟೆ ಬಿಚ್ಚಿಟ್ಟು ಕಿರಣ್ ಜೊತೆ ಮೆಟ್ಟಿಲ ಮೇಲೆ ಕೂತು ಆಡಿದೆ.

ಕೆನ್ನೆ ಇಳಿಯಿತು, ಜ್ವರ ಬಿಟ್ಟಿತು. ಹೊಸ ಮನೆ ದೊಡ್ಡದು; ಬಾಲ್ಕನಿಯಲ್ಲಿ ನಿಂತರೆ ಸಂಜೆಯ ಗಾಳಿಗೆ ತುಟಿ ಉಪ್ಪಾಗುತ್ತಿತ್ತು. ಆದರೆ ಆ ಮನೆಯ ಶಬ್ದಗಳು ಎಲ್ಲಿಂದ ಬರುತ್ತವೆಂದು ನನಗೆ ಒಂದೂ ತಿಳಿಯದು. ಕುಕ್ಕರ್ ಕೂಗಿದರೆ ಬಾಲ್ಕನಿಗೆ ಓಡುತ್ತಿದ್ದೆ. ಬಾಗಿಲು ಬಡಿದರೆ ಬಚ್ಚಲುಮನೆಯ ಕಡೆ ನೋಡುತ್ತಿದ್ದೆ. ಅಮ್ಮ ಕರೆದಳೆಂದು ಕೋಣೆ ಕೋಣೆ ಹುಡುಕಿ ಕೊನೆಗೆ ಅವಳು ನನ್ನ ಬೆನ್ನ ಹಿಂದೆಯೇ ನಿಂತಿರುವುದನ್ನು ಕಂಡು ಬೆಚ್ಚುತ್ತಿದ್ದೆ. ಒಂದು ಸಂಜೆ ರಸ್ತೆ ದಾಟುವಾಗ ಸ್ಕೂಟರಿನ ಹಾರನ್ ಕೇಳಿ ಸರಿದದ್ದು ಸ್ಕೂಟರಿನ ಎದುರಿಗೇ. ಸವಾರ ಬೈದು ಹೋದ. ಅಪ್ಪನನ್ನು ಕೇಳಿದೆ.

"ಯಾಕಪ್ಪ ಇಲ್ಲಿ ಎಲ್ಲಿಂದ ಸದ್ದು ಬರುತ್ತೆ ಅಂತ ಗೊತ್ತಾಗಲ್ಲ?"

ಅಪ್ಪ ಶೂ ಕಟ್ಟಿಕೊಳ್ಳುತ್ತಿದ್ದರು. "ಸಮುದ್ರದ ಊರಲ್ವಾ ವಸೂ. ಗಾಳಿ ಎಲ್ಲಾನೂ ಕಲಸಿಬಿಡುತ್ತೆ."

ಅದು ತಮಾಷೆಯೆಂದು ಈಗ ಗೊತ್ತು. ಆಗ ಅದೇ ನನಗೆ ಭೂಗೋಳದ ಪಾಠವಾಯಿತು. ಕೆಲವು ಊರುಗಳಲ್ಲಿ ಶಬ್ದಕ್ಕೆ ದಿಕ್ಕಿರುತ್ತದೆ, ಕೆಲವು ಊರುಗಳಲ್ಲಿ ಇರುವುದಿಲ್ಲ ಎಂದು ನಂಬಿದೆ. ಶಾಲೆಯಲ್ಲಿಯೂ ಹಾಗೆಯೇ. ವರ್ಷ ಮುಗಿಯುತ್ತ ಬಂದಾಗ ಸೇರಿದವಳೆಂದು ನನ್ನನ್ನು ಬಲತುದಿಯ ಬೆಂಚಿನಲ್ಲಿ ಗೋಡೆಗೆ ಒತ್ತಿ ಕೂರಿಸಿದ್ದರು. ಇಡೀ ಕ್ಲಾಸು ನನ್ನ ಎಡಕ್ಕೆ. ಅಲ್ಲಿಂದ ಬರುವ ತೆಲುಗು ದೂರದ ರೇಡಿಯೊದಂತೆ ಗೊಜಗೊಜ ಎನ್ನುತ್ತಿತ್ತು. ಏನು ಎನ್ನಲು ವಿಜಯವಾಡದಲ್ಲಿ ಏಂಟಿ ಎನ್ನುತ್ತಿದ್ದುದನ್ನು ಇಲ್ಲಿಯವರು ಏಟಿ ಎನ್ನುತ್ತಿದ್ದರು. ಹಾಗಾಗಿ ಇವರ ತೆಲುಗೇ ಬೇರೆ, ಅದಕ್ಕೇ ನನಗೆ ತಿಳಿಯುತ್ತಿಲ್ಲ ಎಂದುಕೊಂಡೆ. ಒಂದು ದಿನ ಟೀಚರ್ ಮೇಜು ಕುಟ್ಟಿ ಕೇಳಿದರು: "ಏಟಿ, ವಿನಬಡಟ್ಲೇದಾ?" ಕೇಳಿಸುತ್ತಿಲ್ಲವಾ ಎಂದು. ನನ್ನ ಜೀವನದಲ್ಲಿ ಆ ವರ್ಷ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅದು ಪ್ರಶ್ನೆಯೆಂದು ನನಗೆ ಹೊಳೆಯಲಿಲ್ಲ. ಬೈಗುಳವೆಂದು ತಿಳಿದು, ಕೇಳಿಸುತ್ತದೆ ಟೀಚರ್ ಎಂದೆ. ಡೈರಿಯಲ್ಲಿ 'ಗಮನವಿಲ್ಲ' ಎಂದು ಬರೆದು ಕಳಿಸಿದರು. ಅಪ್ಪ ಸಹಿ ಹಾಕಿ, "ಅಲ್ಲಿ ಪಟಪಟ ಮಾತಾಡ್ತಿದ್ದೋಳು ಇಲ್ಲಿ ಯಾಕೆ ನಾಟಕ ಮಾಡ್ತೀಯ?" ಎಂದರು. ನಾಟಕ ಮಾಡುತ್ತಿದ್ದೇನೆಯೇ ಎಂದು ನಾನೂ ಯೋಚಿಸಿದೆ. ಇರಬಹುದು ಎನ್ನಿಸಿತು.

ಶಿವರಾತ್ರಿಯ ಹೊತ್ತಿಗೆ ಕಿರಣನ ಕೆನ್ನೆ ಊದಿತು. ಆಮೇಲೆ ಕೆಳಗಿನ ಮನೆಯ ಅಕ್ಕತಂಗಿಯರಿಗೆ, ಪಕ್ಕದ ಬಿಲ್ಡಿಂಗಿನ ಇಬ್ಬರಿಗೆ. ಒಂದು ಬೆಳಿಗ್ಗೆ ಸರೋಜಿನಿಯವರು ನಮ್ಮ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ಬಹಳ ಮರ್ಯಾದೆಯಿಂದ ಕೇಳಿದರು:

"ಪದ್ಮಗಾರೂ, ಆ ರೋಜು ಪಾಪಕಿ ಪಂಟಿ ನೊಪ್ಪೇನಾ?"

ಅವತ್ತು ಮಗುವಿಗೆ ಹಲ್ಲುನೋವೇ ಆಗಿತ್ತೇ ಎಂದು. ಅಮ್ಮ ಹೌದೆಂದಳು. ಅಂದಿನಿಂದ ತಾರಸಿಯಲ್ಲಿ ಬಟ್ಟೆ ಹರಡುವಾಗ ಹೆಂಗಸರ ಮಾತು ಅಮ್ಮ ಹತ್ತಿದ ಕೂಡಲೇ ನಿಲ್ಲುತ್ತಿತ್ತು. ಅಮ್ಮ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ನನ್ನ ಹಳೆಯ ಲೆಕ್ಕದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಗೆರೆ ಎಳೆದು, ಮನೆ, ಮಗು, ಊದಿದ ದಿನ ಎಂದು ಕನ್ನಡದಲ್ಲಿ ಬರೆದುಕೊಂಡು ಹೊರಟಳು. ಕಾಯಿಲೆ ನಮಗಿಂತ ಮೊದಲೇ ಇಲ್ಲಿತ್ತು ಎಂದು ತೋರಿಸುವುದು ಅವಳ ಹಟ. ತೆಲುಗಿಗೆ ಹೆದರಿ ಅಂಗಡಿಗೂ ನನ್ನನ್ನು ಕರೆದೊಯ್ಯುತ್ತಿದ್ದವಳು ಒಬ್ಬಳೇ ಸೆಕ್ಟರಿನ ಬೀದಿ ಬೀದಿ ಸುತ್ತಿದಳು. ಪಕ್ಕದ ಬೀದಿ, ಟ್ಯೂಷನ್ ಮನೆ, ಬಸ್‌ಸ್ಟಾಪಿನ ಆಚೆಯ ಮನೆಗಳು. ಅಪ್ಪ ಚೇಷ್ಟೆ ಮಾಡುತ್ತಿದ್ದರು.

"ಜನಗಣತಿ ಎಲ್ಲೀವರ್ಗೂ ಬಂತು?"

"ನಿಮಗೆ ನಗು. ನಾನಲ್ವಾ ತಾರಸಿ ಹತ್ತೋಳು."

ವಾರದ ಕೊನೆಗೆ ಅವಳಿಗೆ ಬೇಕಾದದ್ದು ಸಿಕ್ಕಿತು. ಹಿಂದಿನ ಬೀದಿಯಲ್ಲಿ ಒಬ್ಬ ಹುಡುಗನಿಗೆ ನಾವು ಬರುವ ಮೊದಲೇ ಊದಿತ್ತು. ಅವನೂ ಕಿರಣನೂ ಒಂದೇ ಟ್ಯೂಷನ್ನಿಗೆ ಹೋಗುತ್ತಿದ್ದರು. ಅಮ್ಮ ನೋಟ್‌ಬುಕ್ಕನ್ನು ಅಪ್ಪನ ತಟ್ಟೆಯ ಪಕ್ಕ ಇಟ್ಟಳು. ಅಪ್ಪ ಬ್ಯಾಂಕಿನವರು, ಸಾಲು ಸಾಲಾಗಿ ಓದಿ ಬೆರಳು ಮಡಿಸಿ ದಿನ ಎಣಿಸಿದರು. ಆಮೇಲೆ ಮೆಲ್ಲಗೆ, ನಮ್ಮ ಬಿಲ್ಡಿಂಗಿನ ಮೂರೂ ಮಕ್ಕಳಿಗೆ ಊದಿರುವುದು ನಾವು ಬಂದ ಹದಿನೇಳು ಹದಿನೆಂಟು ದಿನಕ್ಕೆ ಎಂದರು. ಕಾಯಿಲೆ ಮೈಯೊಳಗೆ ಅಷ್ಟು ದಿನ ಅಡಗಿರುತ್ತದೆಂದು ಡಾಕ್ಟರು ಹೇಳಿದ್ದು ಅವರಿಗೆ ನೆನಪಿತ್ತು. ಅಮ್ಮ ನೋಟ್‌ಬುಕ್ಕನ್ನು ಕಿತ್ತುಕೊಂಡು ಮತ್ತೆ ಎಣಿಸಿದಳು. ಎರಡು ಲೆಕ್ಕವೂ ನಿಜವಾಗಿತ್ತು.

ನಾನೀಗ ವಿಜಯವಾಡದಲ್ಲಿ ಆರೋಗ್ಯ ಇಲಾಖೆಯ ಒಂದು ಕಚೇರಿಯಲ್ಲಿ ಅಮ್ಮ ಮಾಡಿದ ಕೆಲಸವನ್ನೇ ಸಂಬಳಕ್ಕೆ ಮಾಡುತ್ತೇನೆ. ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಮಕ್ಕಳಿಗೆ ಎಂಬ ಪಟ್ಟಿಗಳು ನನ್ನ ಮೇಜಿಗೆ ಬರುತ್ತವೆ. ಮಂಗನಬಾವಿಗೆ ಒಂದು ಋತುವಿದೆ. ಚಳಿ ಸೋತು ಬಿಸಿಲು ಇನ್ನೂ ಗೆಲ್ಲದ ದಿನಗಳಲ್ಲಿ, ಹಬ್ಬಕ್ಕೆ ಹೋದ ಮಕ್ಕಳು ಶಾಲೆಗೆ ಮರಳಿ ಒಂದೇ ಬೆಂಚಿನಲ್ಲಿ ಒತ್ತಿ ಕೂತ ಮೇಲೆ ಅದು ಏಳುತ್ತದೆ. ಅದಕ್ಕೊಂದು ದಾರಿಯೂ ಇದೆ. ರೈಲು ನಿಲ್ಲುವ ಊರುಗಳು, ವಸತಿಶಾಲೆಗಳು, ಟ್ಯೂಷನ್ನಿನ ಬೀದಿಗಳು. ನಕ್ಷೆಯಲ್ಲಿ ಬಣ್ಣ ತುಂಬಿದರೆ ಎಲ್ಲ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಕೆನ್ನೆ ಊದುವ ಮೊದಲೇ ಮಗು ಅದನ್ನು ಹಂಚಲು ತೊಡಗಿರುತ್ತದೆ, ಊದದೆಯೇ ಹಂಚುವ ಮಕ್ಕಳೂ ಇದ್ದಾರೆ. ಪಟ್ಟಿ ತಿಂಗಳನ್ನು ಹೇಳುತ್ತದೆ, ಬೀದಿಯನ್ನು ಹೇಳುತ್ತದೆ. ಯಾರಿಂದ ಎಂದು ಹೇಳುವುದಿಲ್ಲ. ನನಗೆ ಲಲಿತಳಿಂದ ಬಂತೋ, ಅಂದು ತಟ್ಟೆ ಹಿಡಿದು ಹೋದ ಇನ್ಯಾವ ಮನೆಯಿಂದಲೋ. ಕಿರಣನಿಗೆ ನನ್ನಿಂದಲೋ, ಟ್ಯೂಷನ್ನಿನ ಹುಡುಗನಿಂದಲೋ. ಈಗಲೂ ನಾನು ಹೇಳಲಾರೆ.

ಆ ವರ್ಷದ ಯುಗಾದಿಯ ಬೆಳಿಗ್ಗೆ ಮಂಡ್ಯದಿಂದ ಅಜ್ಜಿಯ ಫೋನು ಬಂತು. ನನ್ನ ಬಲಗೈಯಲ್ಲಿ ಬೇವುಬೆಲ್ಲದ ಬಟ್ಟಲಿತ್ತು, ಹಾಗಾಗಿ ಎಡಗೈಯಲ್ಲಿ ರಿಸೀವರ್ ಎತ್ತಿ ಎಡಗಿವಿಗೆ ಇಟ್ಟುಕೊಂಡೆ. ಏನೂ ಇಲ್ಲ. ಸಮುದ್ರದ ಊರಿನ ಗಾಳಿಯೂ ಇಲ್ಲ.

"ಅಮ್ಮ, ಅಜ್ಜಿ ಮಾತಾಡ್ತಾನೇ ಇಲ್ಲ."

ಅಮ್ಮ ಕೈ ಒರೆಸಿಕೊಂಡು ಬಂದು ರಿಸೀವರ್ ಇಸಿದುಕೊಂಡಳು. ಅದರೊಳಗಿನ ಅಜ್ಜಿಯ ದೊಡ್ಡ ಗಂಟಲು ಆಗ ನನಗೂ ಕೇಳಿಸಿತು: "ಏನವ್ವಾ, ಬೇವುಬೆಲ್ಲ ತಿಂದ್ಯಾ ಅಂದ್ರೆ ಉತ್ರಾನೇ ಕೊಡಾಕಿಲ್ವಲ್ಲಾ!" ಅಮ್ಮ ನನ್ನನ್ನೇ ನೋಡಿದಳು. ರಿಸೀವರನ್ನು ನನ್ನ ಬಲಗಿವಿಗೆ ಹಿಡಿದಳು. ಕೇಳಿಸಿತೆಂದೆ. ಎಡಗಿವಿಗೆ ಹಿಡಿದಳು. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಆಚೆ ಅಜ್ಜಿ ಹಲೋ ಹಲೋ ಎನ್ನುತ್ತಲೇ ಇದ್ದಳು. ಅಮ್ಮನ ಮುಖ ನೋಡಿ ನಾನೇನೋ ದೊಡ್ಡ ತಪ್ಪು ಮಾಡಿದ್ದೇನೆ ಎನ್ನಿಸಿ, ಕೇಳಿಸುತ್ತದೆ, ಎರಡರಲ್ಲೂ ಕೇಳಿಸುತ್ತದೆ ಎಂದು ಸುಳ್ಳು ಹೇಳಿದೆ.

ಕಿವಿಯ ಡಾಕ್ಟರು ಕವೆಯಂಥ ಒಂದು ಕಬ್ಬಿಣವನ್ನು ಮೊಣಕೈಗೆ ತಟ್ಟಿ ನನ್ನ ಹಣೆಗೆ, ಕಿವಿಯ ಹಿಂದಕ್ಕೆ ಇಟ್ಟರು. ಆಮೇಲೆ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಕೈ ಎತ್ತು ಎಂದರು. ಎಡಗಿವಿಯ ಸರದಿಯಲ್ಲಿ ಬಹಳ ಹೊತ್ತು ನಾನು ಕೈ ಎತ್ತಲೇ ಇಲ್ಲ. ಇದು ಆ ಬಾವಿನದೇ ಕೆಲಸ, ಅಪರೂಪಕ್ಕೆ ಒಂದು ಮಗುವಿಗೆ ಹೀಗಾಗುತ್ತದೆ, ಎಡಗಿವಿ ಪೂರ್ತಿ ಹೋಗಿದೆ ಎಂದರು. ಅಮ್ಮ ಕೇಳಿದಳು:

"ಮಳ್ಳೀ ವಸ್ತುಂದಾ ಡಾಕ್ಟರ್‌ಗಾರೂ?"

"ರಾದಮ್ಮಾ."

ಹೋದ ಕಿವಿ ಮತ್ತೆ ಬರುವುದಿಲ್ಲ. ಅಷ್ಟೇ. ರೈಲಿನಲ್ಲಿ ಕರೆತಂದದ್ದಕ್ಕೆ ಹೀಗಾಯಿತೇ ಎಂದು ಅಪ್ಪ ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ, ಮನೆಯಲ್ಲೇ ಮಲಗಿದ್ದರೂ ಆಗಬಹುದಿತ್ತು ಎಂದರು ಡಾಕ್ಟರು. ಅದನ್ನು ಅಪ್ಪ ನಂಬಿದರೋ ಇಲ್ಲವೋ. ಆಟೋದಲ್ಲಿ ಯಾರೂ ಮಾತಾಡಲಿಲ್ಲ, ಅಥವಾ ಮಾತಾಡಿದ್ದು ನನ್ನ ಎಡಕ್ಕಿತ್ತು. ಮನೆಗೆ ಬಂದ ಮೇಲೆ ಅಮ್ಮ ಒಂದೇ ಮಾತು ಹೇಳಿದಳು: "ಒಂದ್ವಾರ ತಡೀರಿ ಅಂದಿದ್ದೆ." ಅಪ್ಪ ಶರ್ಟು ಕೂಡ ಬದಲಿಸದೆ ಬಾಲ್ಕನಿಯಲ್ಲಿ ನಿಂತೇ ಇದ್ದರು. ಸಂಜೆ ಅಜ್ಜಿ ಫೋನಿನಲ್ಲಿ, "ಕೆಪ್ಪಟರಾಯ ಬಂದು ನಮ್ ಮಗೀನ ಕೆಪ್ಪಿ ಮಾಡ್ಬುಟ್ಟು ಹೋದ್ನಾ" ಎಂದು ಅತ್ತಳು. ಕೆಪ್ಪಿ ಎಂದರೆ ಕಿವುಡಿ ಎಂದು ನನಗೆ ಅಂದೇ ತಿಳಿದದ್ದು. ಕೆಪ್ಪಟೆಗೂ ಕೆಪ್ಪಿಗೂ ಏನು ಸಂಬಂಧ, ಹೆಸರಿನಲ್ಲೇ ಇದ್ದದ್ದು ಅಮ್ಮನಿಗೆ ಏಕೆ ಗೊತ್ತಾಗಲಿಲ್ಲ ಎಂದು ಕೇಳಬೇಕೆನ್ನಿಸಿತು.

ಮರುದಿನ ಮಧ್ಯಾಹ್ನ ಅಮ್ಮ ಅದೇ ನೋಟ್‌ಬುಕ್ಕು ತೆಗೆದುಕೊಂಡಳು. ರಜಾ ಹಾಕಿ ಮನೆಯಲ್ಲಿದ್ದ ಅಪ್ಪನ ಕೈಗಡಿಯಾರ ಬಿಚ್ಚಿಸಿಕೊಂಡಳು. ನನ್ನ ಬಲಗಡೆಗೆ ಬಂದು ಕೈ ಹಿಡಿದು ಎದುರುಮನೆಯ ಬಾಗಿಲು ತಟ್ಟಿದಳು. ಸರೋಜಿನಿಯವರು ಬಾಗಿಲು ತೆರೆದು ಅಲ್ಲೇ ನಿಂತರು.

"ನೇನು ಅಬದ್ಧಂ ಚೆಪ್ಪಾನಂಡಿ" ಎಂದಳು ಅಮ್ಮ. ನಾನು ಸುಳ್ಳು ಹೇಳಿದೆ. ಹಲ್ಲುನೋವಲ್ಲ. ಮುಂದಿನದಕ್ಕೆ ಅವಳ ತೆಲುಗು ಸಾಲಲಿಲ್ಲ. ನನ್ನ ಎಡಗಿವಿಯನ್ನು ಮುಟ್ಟಿ, ಕೈ ತಿರುಗಿಸಿ, ಹೋಯಿತು ಎಂಬಂತೆ ತೋರಿಸಿದಳು. ಆಮೇಲೆ ಅಪ್ಪನ ಗಡಿಯಾರ ಚಾಚಿ, "ಕಿರಣ್‌ನ ಕರೀರಿ" ಎಂದಳು, ಕನ್ನಡದಲ್ಲೇ.

ಸರೋಜಿನಿಯವರು ನನ್ನ ಕಡೆ ತಿರುಗಿದರು. ಅವರಿಗೆ ಬೈಯಬೇಕೆನಿಸಿತೋ, ಅಳಬೇಕೆನಿಸಿತೋ ನನಗೆ ತಿಳಿಯಲಿಲ್ಲ. ಕಿರಣನನ್ನು ಕರೆದರು. ಅಮ್ಮ ಅವನ ಬಲಗಿವಿ ಮುಚ್ಚಿ ಎಡಕ್ಕೆ ಗಡಿಯಾರ ಹಿಡಿದಳು, ಎಡಗಿವಿ ಮುಚ್ಚಿ ಬಲಕ್ಕೆ ಹಿಡಿದಳು. ಎರಡು ಸಲವೂ ಅವನು ಟಿಕ್ ಟಿಕ್ ಎಂದ. ಸರೋಜಿನಿಯವರು ಗಡಿಯಾರವನ್ನು ತಾವೇ ಇಸಿದುಕೊಂಡು ಇನ್ನೊಮ್ಮೆ ನೋಡಿದರು. ಅಮ್ಮ ನೋಟ್‌ಬುಕ್ಕು ಬಿಡಿಸಿ ಮುಂದಿನ ಮನೆಯ ಸಾಲಿಗೆ ಬೆರಳಿಟ್ಟಾಗ ಅವರು ಚಪ್ಪಲಿ ಮೆಟ್ಟಿದರು.

"ಪದಂಡಿ, ನೇನೂ ವಸ್ತಾ. ಮೀ ತೆಲುಗು ವಾಳ್ಳಕಿ ಅರ್ಥಂ ಕಾದು."

ನಡೆಯಿರಿ, ನಾನೂ ಬರುತ್ತೇನೆ, ನಿಮ್ಮ ತೆಲುಗು ಅವರಿಗೆ ಅರ್ಥವಾಗದು. ಅವತ್ತು ನಾವು ಮೂವರು ಆ ಪಟ್ಟಿಯಲ್ಲಿದ್ದ ಒಂದೊಂದು ಮನೆಗೂ ಹೋದೆವು. ಎಲ್ಲ ಕಡೆ ಸರೋಜಿನಿಯವರು ಮಾತಾಡಿದರು, ಅಮ್ಮ ಗಡಿಯಾರ ಹಿಡಿದಳು, ನಾನು ತೋರಿಸುವ ವಸ್ತುವಿನಂತೆ ನಿಂತಿದ್ದೆ. ಕೆಲವರು ಕಾಫಿ ಕೊಟ್ಟರು. ಒಬ್ಬರು ಬಾಗಿಲಲ್ಲೇ ಜಗಳಕ್ಕೆ ಬಂದು, ತಮ್ಮ ಮಗುವಿನ ಕಿವಿ ನೋಡಿದ ಮೇಲೆ ನನ್ನ ತಲೆ ಸವರಿದರು. ಒಂದೊಂದು ಮನೆಯಿಂದ ಹೊರಬಂದಾಗಲೂ ಅಮ್ಮ ಆ ಸಾಲಿನ ಮುಂದೆ ಒಂದು ಗುರುತು ಹಾಕುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ಅಪ್ಪ ಅನ್ನಕ್ಕಿಟ್ಟು, ನೆಲದ ಮೇಲೆ ತಟ್ಟೆ ಹಾಕಿ ಕಾಯುತ್ತಿದ್ದರು. ಅಮ್ಮ ಗಡಿಯಾರವನ್ನು ಅವರ ಕೈಗೆ ಕೊಟ್ಟಳು.

"ಎಲ್ಲ ಮಕ್ಕಳಿಗೂ ಕೇಳ್ಸುತ್ತೆ ಕಣ್ರೀ. ಒಬ್ಬರಿಗೂ ಏನೂ ಆಗಿಲ್ಲ."

"ಒಳ್ಳೇದಾಯ್ತಲ್ಲ ಪದ್ಮಾ."

"ಹೂಂ. ಒಳ್ಳೇದೇ ಆಯ್ತು."

ಹಾಗೆಂದು ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ತೊಳೆಯಲು ಅಲ್ಲಿ ಒಂದು ಪಾತ್ರೆಯೂ ಇರಲಿಲ್ಲ. ನೀರಿನ ಸದ್ದಿನ ಒಳಗೆ ಇನ್ನೊಂದು ಸದ್ದು ಇರುವಂತಿತ್ತು. ಅಪ್ಪ ಏಳಲು ಹೋಗಿ, ಮತ್ತೆ ಕೂತರು. ಅವಳಿಗೆ ಸಂತೋಷವಾಗಿದೆಯೋ, ಅಷ್ಟೂ ಮನೆಗಳಲ್ಲಿ ನನ್ನಂಥ ಇನ್ನೊಂದು ಮಗು ಸಿಗಲಿಲ್ಲವೆಂದು ದುಃಖವಾಗಿದೆಯೋ, ಎರಡೂ ಒಟ್ಟಿಗೆ ಆಗಲು ಸಾಧ್ಯವೋ, ನನಗೆ ಗೊತ್ತಾಗಲಿಲ್ಲ. ಆದರೆ ಅದನ್ನು ನಾನು ಕೇಳಿಸಿಕೊಳ್ಳುವುದು ಅವಳಿಗೆ ಬೇಡವೆಂದು ಮಾತ್ರ ಗೊತ್ತಾಯಿತು. ನಾನು ಅಪ್ಪನ ಪಕ್ಕಕ್ಕೆ ಸರಿದು, ಅಡುಗೆಮನೆಯ ಕಡೆಗೆ ಎಡಗಿವಿ ಮಾಡಿ, ಬಲಗಿವಿಯನ್ನು ಅವರ ತೋಳಿಗೆ ಒತ್ತಿಕೊಂಡು ಕೂತೆ. ಎಲ್ಲ ನಿಶ್ಶಬ್ದವಾಯಿತು.